ಮಹಾರಾಣಿಯ ತಳ್ಳುಗಾಡಿ

ಲಗೇಜ್ ರೂಮು, ಬಸ್ ನಿಲ್ದಾಣದ ಎದುರು
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಮೊಮ್ಮಗಳು ನಿದ್ದೆ ಮಾಡಲು ಬಿಡುತ್ತಾಳೋ, ಇಲ್ಲ ನಮ್ಮ ವಂಶದ ಗಂಟಲು ಅವಳಿಗೂ ಬಂದಿದೆಯೋ? ನಾನು ಗುಂಡುಕಲ್ಲಿನ ಹಾಗಿದ್ದೇನೆ. ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಡುವುದಿಲ್ಲ, ಅದಕ್ಕೇ ಈ ಕಾಗದ.

ನಮ್ಮ ಪಕ್ಕದ ಫುಟ್‌ಪಾತಿನಲ್ಲಿ ತಳ್ಳುಗಾಡಿ ಇಟ್ಟುಕೊಂಡು ಮಲಗುವ ಮುದುಕಿ, ಎಲ್ಲರೂ ಮಹಾರಾಣಿ ಅನ್ನುತ್ತಾರಲ್ಲ, ಅವಳ ಕಾಲಿನ ಗಾಯ ಕೊಳೆಯತೊಡಗಿತ್ತು. ಆಂಬುಲೆನ್ಸ್ ಎರಡು ಸಲ ಬಂದು ಬರಿದೇ ವಾಪಸ್ಸು ಹೋಯಿತು. "ಹೋಗಲ್ಲ ಅಂದ್ರೆ ಹೋಗಲ್ಲ" ಅಂತ ಗಾಡಿಯ ಹಿಡಿ ಬಿಡಲೊಲ್ಲಳು. ತಲೆ ಕೆಟ್ಟಿದೆ ಅಂತ ಟೀ ಅಂಗಡಿಯವನು ತೀರ್ಪೂ ಕೊಟ್ಟ. ಹೋದ ವಾರ, ಬೀದಿಯಲ್ಲಿರುವವರನ್ನು ನೋಡಲು ಬರುವ ಡಾಕ್ಟರಮ್ಮ ಬಂದರು. ಚಿಕ್ಕ ವಯಸ್ಸು, ದೊಡ್ಡ ಚೀಲ. ಬಂದವರೇ ನೆಲದ ಮೇಲೆ ಕೂತೇಬಿಟ್ಟರು! ಗಾಯದ ಮಾತೇ ಎತ್ತಲಿಲ್ಲ. "ಅಜ್ಜಿ, ನೀವು ಆಸ್ಪತ್ರೆಗೆ ಬಂದ್ರೆ ಇಲ್ಲಿ ಏನು ಕೆಡುತ್ತೆ?" ಅಂದರು. ಅದುವರೆಗೆ ಯಾರೂ ಕೇಳಿರಲಿಲ್ಲ ಅಕ್ಕಾ. ಮುದುಕಿ ಅವರನ್ನು ಮೇಲಿಂದ ಕೆಳಗೆ ಅಳೆದು, "ಗಾಡಿ ನಿಮ್ಮಪ್ಪ ಕಾಯ್ತಾನಾ?" ಅಂದಳು. "ಅವರಿಗೆ ಸೊಂಟ ನೋವು. ಬೇರೆಯವರನ್ನ ಹುಡುಕೋಣ" ಅಂತ ಡಾಕ್ಟರಮ್ಮ ನನ್ನ ಲಗೇಜ್ ರೂಮಿನ ಬೋರ್ಡಿನ ಕಡೆ ನೋಡಿದರು.

ಬೀಗವಿಲ್ಲದ ಸಾಮಾನು ಒಳಗೆ ಬರಕೂಡದು, ನನ್ನ ನಿಯಮ ನಿನಗೆ ಗೊತ್ತು. ಅದನ್ನೇ ಹೇಳಲು ಬಾಯಿ ತೆರೆದೆ, ಹೊರಬಿದ್ದದ್ದು "ತಳ್ಳಿಕೊಂಡು ಬರಲಾ?" ಮುದುಕಿ ಗಾಡಿ ಮುಟ್ಟಗೊಡಲಿಲ್ಲ. ಕುಂಟುತ್ತ ತಾನೇ ತಳ್ಳಿ ತಂದು, ಗೋಡೆ ಒದ್ದೆಯೇನೋ ಅಂತ ಅಂಗೈ ಒತ್ತಿ, ನನ್ನ ಬೀಗ ಜಗ್ಗಿ ನೋಡಿ, ದೊಡ್ಡ ಗಿರಾಕಿಯ ಹಾಗೆ ಹಿತ್ತಾಳೆ ಟೋಕನ್ನಿಗೆ ಕೈ ಚಾಚಿದಳು. ಕೊಟ್ಟೆ. ಆಮೇಲಿನದ್ದು ಹೇಗೆ ಬರೆಯಲಿ? ಯಾರು ಎಳೆದರೂ ಅಲುಗದ ಹೆಂಗಸು ತಾನಾಗಿ ಆಂಬುಲೆನ್ಸ್ ಹತ್ತಿದಳು! ಆಸ್ಪತ್ರೆಯಲ್ಲೂ ಟೋಕನ್ ಹಿಡಿದ ಮುಷ್ಟಿ ಬಿಚ್ಚಲಿಲ್ಲವಂತೆ. ಸೂಜಿಯನ್ನು ಇನ್ನೊಂದು ಕೈಗೆ ಚುಚ್ಚಿದರಂತೆ. ಕಾಲು ಉಳಿಯಿತು ಅಕ್ಕಾ. ಒಂದು ಹಿತ್ತಾಳೆ ಬಿಲ್ಲೆಗೆ! ಇಷ್ಟು ವರ್ಷ ಅದನ್ನು ಮೊಳೆಗೆ ನೇತುಹಾಕುತ್ತ ಬಂದವನು ನಾನು, ಅದರ ತೂಕ ನನಗೆ ತಿಳಿದಿರಲಿಲ್ಲ.

ಈಗ ಡಾಕ್ಟರಮ್ಮ ಬೇರೆಯವರನ್ನೂ ಕಳಿಸುತ್ತಾರೆ. ಗಂಟು ಹೊತ್ತು ಕೆಮ್ಮುತ್ತ ಬರುವ ಗಾರೆ ಕೆಲಸದವನು, ಒಡೆದ ಸೂಟ್‌ಕೇಸಿನ ಬಸುರಿ. ಮೊದಲು ನನ್ನ ಹತ್ತಿರ, ಆಮೇಲೆ ಆಸ್ಪತ್ರೆಗೆ. ಬಾಡಿಗೆ ಎಷ್ಟು ಅಂತ ಕೇಳಬೇಡ. ನಿನ್ನ ತಮ್ಮ ಪೂರ್ತಿ ಕೆಟ್ಟಿಲ್ಲ, ಮೂಲೆಯ ಕಪಾಟು ಹೇಗೂ ಖಾಲಿಯಿತ್ತು.

ಮಾತ್ರೆ ಮರೆಯಬೇಡ. ಮಗುವಿನ ಎರಡು ಕೆನ್ನೆಗೂ ನನ್ನ ಲೆಕ್ಕದಲ್ಲಿ ಒಂದೊಂದು ಮುತ್ತು ಕೊಡು.

ನಿನ್ನ ಬೈಗುಳಕ್ಕೆ ಹಾತೊರೆಯುವ
ತಮ್ಮ

ಹೇಳಲು ಮರೆತೆ: ಮಹಾರಾಣಿಯನ್ನು ಶುಕ್ರವಾರ ಮನೆಗೆ ಕಳಿಸುತ್ತಾರಂತೆ. ಯಾವ ಮನೆಗೆ? ಹಸಿ ಗಾಯಕ್ಕೆ ಫುಟ್‌ಪಾತಿನ ಧೂಳು ಸೇರಿದರೆ ಕಾಲು ಕತ್ತರಿಸಬೇಕಾಗುತ್ತೆ ಅಂದರು ಡಾಕ್ಟರಮ್ಮ. ನಮ್ಮ ಮನೆಯಲ್ಲಿ ನಿನ್ನ ಕೋಣೆ ಗುಡಿಸಿ ಒರೆಸಿದ್ದೇನೆ, ಸೀರೆಗಳನ್ನು ನನ್ನ ಬೀರುವಿಗೆ ಸಾಗಿಸಿದ್ದೇನೆ. ಬೇಡ ಅನ್ನುವುದಾದರೆ ಫೋನ್ ಮಾಡು, ಆಸ್ಪತ್ರೆಯ ನಂಬರ್ ಕೊಡುತ್ತೇನೆ. ಅವಳಿಗೆ ನೀನೇ ಹೇಳಬೇಕು, ನನ್ನ ಕೈಲಾಗದು.