ಒಬ್ಬ ಪ್ರಜೆಯ ಗಣರಾಜ್ಯ

ಊಸ್ಟರ್‌ಸೈಲ್
ಡಿಸೆಂಬರ್ ೩, ಬುಧವಾರ

ಮುದ್ದು ಫ್ರೌಕೆ,

ಹ್ಯಾಂಬರ್ಗಿನ ಪೇಪರಿನಲ್ಲೂ ಬಂದಿದೆ ಅಂದೆಯಲ್ಲ, ಹೂಂ, ಅದು ನಿಜ. ನಿನ್ನಪ್ಪ ಮನೆಗೆ ಬಂದಿದ್ದಾನೆ. ಈಗ ಮುಂದಿನ ಕೋಣೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತಿದ್ದಾನೆ. ಓದುತ್ತಿಲ್ಲ, ರೇಡಿಯೋ ಹಾಕಿಲ್ಲ, ಕೂತಿದ್ದಾನೆ ಅಷ್ಟೇ. ನೀನು ಫೋನ್ ಮಾಡಿದಾಗ ಆಮೇಲೆ ಹೇಳುತ್ತೇನೆ ಎಂದು ಇಟ್ಟುಬಿಟ್ಟೆ. ಅವನ ಕಿವಿಗೆ ಬೀಳುತ್ತದೆ ಎಂದು ಮಾತ್ರವಲ್ಲ, ಬಾಯಿ ತೆರೆಯುವಷ್ಟು ಶಕ್ತಿಯೂ ನನ್ನಲ್ಲಿರಲಿಲ್ಲ. ಬರೆಯುವುದಾದರೆ ನಡುನಡುವೆ ನಿಲ್ಲಿಸಿ ಉಸಿರು ಬಿಡಬಹುದು.

ನಿನ್ನ ಮದುವೆಯ ದಿನ ತನ್ನ ಗಣರಾಜ್ಯದ ಆ ನೀಲಿ ಪಟ್ಟಿ ಕೊರಳಿಗೆ ಹಾಕಿಕೊಂಡು ಬಂದು, ನಿನ್ನ ಅತ್ತೆ-ಮಾವನಿಗೆ ‘ನೆರೆರಾಷ್ಟ್ರದಿಂದ ಬಂದ ಅತಿಥಿ’ ಎಂದು ತನ್ನನ್ನು ಪರಿಚಯಿಸಿಕೊಂಡನಲ್ಲ, ಅಂದಿನಿಂದ ನೀನು ಅವನ ಸುದ್ದಿ ಕೇಳುವುದನ್ನೇ ಬಿಟ್ಟೆ. ನಾನೂ ಹೇಳಲಿಲ್ಲ. ಆದರೆ ಅವನ ದೇಶ ಕಟ್ಟುವ ಆಟ ನಿಂತಿರಲಿಲ್ಲ. ಕೊಲ್ಲಿಯ ನಡುವೆ ಗಡಿ ಎಲ್ಲಿದೆ ಎಂದು ನಮ್ಮ ಡಚ್ ಸರ್ಕಾರವೂ ಜರ್ಮನರ ಸರ್ಕಾರವೂ ಇವತ್ತಿಗೂ ಒಪ್ಪಿಲ್ಲ. ಆ ಜಾಗದಲ್ಲಿ ಎದ್ದ ಮರಳುದಿಬ್ಬ ಯಾರಿಗೂ ಸೇರಿದ್ದಲ್ಲ, ಆದ್ದರಿಂದ ಮೊದಲು ಕಂಬ ನೆಟ್ಟವನದು. ಈ ಮಾತನ್ನು ನೀನು ಊಟದ ಮೇಜಿನಲ್ಲಿ ಎಷ್ಟು ಸಲ ಕೇಳಿಲ್ಲ. ಇವನನ್ನು ಅಲ್ಲಿಂದ ಎಬ್ಬಿಸಲು ಎರಡು ಸರ್ಕಾರಗಳಿಗೂ ಮುಜುಗರ. ಎಬ್ಬಿಸಿದವರು ‘ಇದು ನಮ್ಮದು’ ಎಂದ ಹಾಗಾಗುತ್ತದೆ, ಹಳೆಯ ಜಗಳ ಮತ್ತೆ ಏಳುತ್ತದೆ. ಹಾಗಾಗಿ ಸ್ಟಿಲ್‌ಪ್ಲಾಟ್ ಗಣರಾಜ್ಯ ಕಂಬಗಳ ಮೇಲಿನ ಒಂದು ಮರದ ಗುಡಿಸಲಲ್ಲಿ ನಡೆದುಕೊಂಡೇ ಬಂತು.

ಪಾಸ್‌ಪೋರ್ಟುಗಳೂ ಅಂಚೆಯಲ್ಲಿ ಹೋಗುತ್ತಿದ್ದವು. ಕೇಳಿದವರಿಗೆಲ್ಲ ಪುಕ್ಕಟೆ. ತರಿಸಿಕೊಳ್ಳುತ್ತಿದ್ದವರು ಹೆಚ್ಚಾಗಿ ಗೋಡೆಗೆ ತೂಗುಹಾಕಿ ನಗುವ ಜನ. ವಿದೇಶಾಂಗ ಸಚಿವೆಯೆಂದು ಸಹಿ ಹಾಕುತ್ತಿದ್ದವಳು ನಾನು, ಒಲೆಯ ಮೇಲೆ ಬಟಾಣಿ ಸೂಪು ಬೇಯುವಾಗ, ಇದೇ ಮೇಜಿನಲ್ಲಿ. ಸಹಿ ಹಾಕದಿದ್ದರೆ ಮೂತಿ ಉದ್ದ ಮಾಡಿಕೊಂಡು ದಿನಗಟ್ಟಲೆ ಓಡಾಡುತ್ತಿದ್ದ. ಅದಕ್ಕಿಂತ ಸಹಿ ಸುಲಭ.

ಬೇಸಿಗೆಯಲ್ಲಿ ಬ್ರೆಮೆನ್‌ನಿಂದ ಒಬ್ಬ ವಕೀಲ ಬಂದ. ಇವನನ್ನು ನೋಡಿ ನಗದ ಮೊದಲ ಮನುಷ್ಯ. ಕಾಗದಗಳನ್ನೆಲ್ಲ ತಿರುವಿಹಾಕಿ, ನಿಮ್ಮ ಹಕ್ಕು ಪೂರಾ ಹುಚ್ಚಲ್ಲ, ನ್ಯಾಯಾಲಯದ ಮುಂದಿಡಬಹುದು, ನೆಲ ಇದೆ, ಆಡಳಿತ ಅಂತ ಏನೋ ಇದೆ, ಆದರೆ ಅಲ್ಲೇ ನೆಲೆ ನಿಂತ ಪ್ರಜೆ ಬೇಕು ಎಂದ. ನಿನ್ನಪ್ಪ ಸ್ನಾನಕ್ಕೆ, ಹಲ್ಲುನೋವಿಗೆ, ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಳ್ಳಲು ಮನೆಗೆ ಬರುವವನು. ಅವನು ಲೆಕ್ಕಕ್ಕಿಲ್ಲ.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಬಾಗಿಲು ತೆರೆದರೆ ಹೊಸಾನ್ ನಿಂತಿದ್ದ. ಮೂವತ್ತರ ಆಸುಪಾಸು, ತೆಳ್ಳಗೆ, ಶೂಗಳ ತುಂಬ ಕೆಸರು. ಸಿರಿಯಾದಲ್ಲಿ ಹುಟ್ಟಿದ ಕುರ್ದ್. ಅವನ ಅಜ್ಜನ ಕಾಲದಿಂದ ಆ ಮನೆಯವರನ್ನು ಯಾವ ದೇಶವೂ ತನ್ನವರೆಂದು ಬರೆದುಕೊಂಡಿಲ್ಲವಂತೆ. ಕೈಯಲ್ಲಿ ನಮ್ಮ ಪಾಸ್‌ಪೋರ್ಟು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದು. ಮುರುಕು ಜರ್ಮನ್‌ನಲ್ಲಿ ಕೇಳಿದ: “ಸಚಿವೆ ಅಮ್ಮಾವ್ರು ನೀವೇನಾ? ನಮ್ಮ ದೇಶಕ್ಕೆ ಹೋಗೋ ದೋಣಿ ಎಲ್ಲಿ ಸಿಗತ್ತೆ?”

ನಾನು ಅವನನ್ನು ಕೂರಿಸಿ ಚಹಾ ಕೊಟ್ಟೆ, ಬ್ರೆಡ್ಡು ಕೊಟ್ಟೆ. ಅದು ಬರೀ ಮರಳು ಕಣಪ್ಪಾ, ಒಂದು ಗುಡಿಸಲು, ಒಬ್ಬ ಮುದುಕ ಎಂದೆ. ಅವನು ತಲೆಯಾಡಿಸಿದ. “ಸಣ್ಣ ದೇಶ ಅಂತ ಗೊತ್ತು. ಪರವಾಗಿಲ್ಲ.” ಅಷ್ಟರಲ್ಲಿ ನಿನ್ನಪ್ಪ ಮೆಟ್ಟಿಲಿಳಿದು ಬಂದ. ಅವನ ಮುಖ ನೀನು ನೋಡಬೇಕಿತ್ತು. ನೀನು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಒಮ್ಮೆ ಆ ಮುಖ ಕಂಡಿದ್ದೆ, ಆಮೇಲೆ ಅವತ್ತೇ.

“ವುಬ್ಬೊ, ಇವನಿಗೆ ನಿಜ ಹೇಳು” ಅಂದೆ. “ನಿಜಾನೇ ಹೇಳ್ತೀನಲ್ಲ!” ಎಂದು ಹೊಸಾನ್‌ನ ಎರಡೂ ಕೈ ಹಿಡಿದುಕೊಂಡ. “ಬಾಪ್ಪಾ, ನಿನಗೇ ಕಾಯ್ತಿದ್ದೆ.” ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ಕಷ್ಟ.

ಮರುದಿನ ಎಲ್ಟಿಯೊ ತನ್ನ ಸೀಗಡಿ ದೋಣಿಯಲ್ಲಿ ಇಬ್ಬರನ್ನೂ ಬಿಟ್ಟುಬಂದ. ನಿನಗೆ ಎಲ್ಟಿಯೊ ಗೊತ್ತಲ್ಲ, ನಾಲಿಗೆಗೆ ಬೀಗವಿಲ್ಲ. “ಗೇಸ್ಕೆ, ನಿನ್ ಗಂಡನಿಗೆ ಕೊನೆಗೂ ಜನಸಂಖ್ಯೆ ಆಯ್ತು ನೋಡು. ಇನ್ನು ಟ್ಯಾಕ್ಸ್ ಹಾಕ್ತಾನೆ!” ಆದರೆ ಹೊಸಾನ್ ಅಲ್ಲಿ ಚೆನ್ನಾಗಿಯೇ ಇದ್ದ. ಸೋರುವ ಮಾಡು ಸರಿ ಮಾಡಿದ, ಸಡಿಲವಾದ ಹಲಗೆಗಳಿಗೆ ಮೊಳೆ ಹೊಡೆದ. ನಿರಾಶ್ರಿತರ ಕೇಂದ್ರಕ್ಕೆ ಹೋಗಿ ಹೆಸರು ಬರೆಸೋಣ ಎಂದು ನಾನು ಎರಡು ಸಲ ಹೇಳಿಕಳಿಸಿದೆ. ನನ್ನ ದೇಶದಲ್ಲೇ ನಾನು ನಿರಾಶ್ರಿತ ಹೇಗಾಗ್ತೀನಿ ಅಂದನಂತೆ. ನಾನು ಮತ್ತೆ ಹೇಳಿಕಳಿಸಲಿಲ್ಲ. ನನಗೆ ಸಾಕಾಗಿತ್ತು ಫ್ರೌಕೆ. ಜಗಳವಾಡಿ ಗೆದ್ದರೂ ಮತ್ತೆ ನಾನೇ ಪಾತ್ರೆ ತೊಳೆಯಬೇಕು.

ನವೆಂಬರಿನಲ್ಲಿ ವಕೀಲನನ್ನು ಕಾಣಲು ನಿನ್ನಪ್ಪ ದಡಕ್ಕೆ ಬಂದ. ಹೊಸಾನ್ ಅಲ್ಲೇ ಉಳಿದ. ನೆಲ ಖಾಲಿ ಬಿಡುವ ಹಾಗಿಲ್ಲವಲ್ಲ. ಮಧ್ಯಾಹ್ನ ಗಾಳಿ ವಾಯವ್ಯಕ್ಕೆ ತಿರುಗಿತು. ರಾತ್ರಿ ಊಟ ಮುಗಿಯುವ ಹೊತ್ತಿಗೆ, ಸಮುದ್ರ ತಡೆಯುವ ಕಟ್ಟೆಯ ಬಾಗಿಲು ಹಾಕುವ ಸೈರನ್ ಕೂಗಿತು. ಎಲ್ಟಿಯೊ ಓಡಿಬಂದು, ತನ್ನ ದೋಣಿ ಬಂದರಿನ ಬಾಯಿ ದಾಟುವುದಿಲ್ಲ, ಅಲ್ಲಿ ನೀರು ಆಗಲೇ ಗುಡಿಸಲಿನ ಕಂಬದ ಅರ್ಧಕ್ಕೆ ಬಂದಿರಬೇಕು ಎಂದ.

ನಾನು ಫೋನ್ ಎತ್ತಿಕೊಂಡೆ. ನಿನ್ನಪ್ಪ ನನ್ನ ಕೈ ಹಿಡಿದ.

“ಸ್ವಲ್ಪ ತಡಿ ಗೇಸ್ಕೆ. ಗುಡಿಸಲು ಗಟ್ಟಿ ಇದೆ. ರಕ್ಷಣಾ ದೋಣಿ ಕರೆದರೆ ಯಾವ ದೇಶದ್ದು ಅಂತ ಕೇಳ್ತಾರೆ. ಯಾರು ಬಂದು ಕರಕೊಂಡು ಹೋದ್ರೂ ಅಲ್ಲಿಗೆ ಎಲ್ಲಾ ಮುಗೀತು. ಕೇಸು ಬಿದ್ದು ಹೋಗತ್ತೆ.”

ನಾನು ಕಿರುಚಲಿಲ್ಲ. ಕಿರುಚಿದೆ ಎಂದು ಎಲ್ಟಿಯೊ ಊರೆಲ್ಲ ಹೇಳಿಕೊಂಡು ಬಂದಿದ್ದಾನೆ, ನಂಬಬೇಡ. ತುಂಬ ಮೆಲ್ಲಗೆ ಹೇಳಿದೆ: “ಅವನು ಯಾಕೆ ಅಲ್ಲಿದ್ದಾನೆ ಹೇಳು. ನೀನು ದೇಶ ಇದೆ ಅಂದೆ, ಅವನು ನಂಬಿದ. ನೀನು ಬೆಚ್ಚಗೆ ಇಲ್ಲಿ ಕೂತಿದ್ದೀಯ.”

ಅವನು ನನ್ನ ಕೈ ಬಿಟ್ಟ. ಬಿಟ್ಟವನು ಫೋನನ್ನು ತಾನೇ ತೆಗೆದುಕೊಂಡ. ಆ ಕಡೆಯ ಹುಡುಗಿ ಜಾಗ ಕೇಳಿದಳು, ಹೇಳಿದ. ಅದು ನಮ್ಮ ಕಡೆಯದೋ ಜರ್ಮನರ ಕಡೆಯದೋ, ಯಾವ ದೋಣಿಗೆ ತಿಳಿಸಲಿ ಎಂದು ಅವಳು ಕೇಳಿದ್ದು ನನಗೂ ಕೇಳಿಸಿತು. ನಿನ್ನಪ್ಪ ಗೋಡೆ ನೋಡುತ್ತ ನಿಂತ. ಆಮೇಲೆ ಹೇಳಿದ: “ಯಾರು ಹತ್ತಿರ ಇದ್ದಾರೋ ಅವರದ್ದೇ ಅಂತ ಬರ್ಕೊಳ್ಳಮ್ಮ. ನನ್ನದಂತೂ ಅಲ್ಲ. ಅಲ್ಲಿ ಒಬ್ಬ ಮನುಷ್ಯ ಇದ್ದಾನೆ, ಬೇಗ ಹೋಗಿ.”

ಜರ್ಮನರ ದೋಣಿ ಹೋಯಿತು. ಗುಡಿಸಲಿನ ಒಂದು ಬದಿ ಕೊಚ್ಚಿಹೋಗಿ, ಹೊಸಾನ್ ಉಳಿದ ಬದಿಯ ತೊಲೆಗೆ ತನ್ನನ್ನು ಹಗ್ಗದಿಂದ ಬಿಗಿದುಕೊಂಡಿದ್ದನಂತೆ. ಅವನನ್ನು ಆಚೆ ದಡದ ಆಸ್ಪತ್ರೆಗೆ ಸೇರಿಸಿದರು. ನಾವು ಮಾರನೆಯ ದಿನ ಕೊಲ್ಲಿ ಸುತ್ತಿಕೊಂಡು ಹೋದೆವು. ಕಂಬಳಿಗಳ ಕೆಳಗೆ ಮೂಗು ಮಾತ್ರ ಕಾಣುತ್ತಿತ್ತು. ರೋಗಿಯನ್ನು ನೋಡಲು ಬಂದವರ ಗುರುತು ಬೇಕೆಂದು ನರ್ಸ್ ಕೇಳಿದಳು. ನಿನ್ನಪ್ಪ ಅಭ್ಯಾಸಬಲದಿಂದ ಜೇಬಿಗೆ ಕೈಹಾಕಿ ತನ್ನ ಡಚ್ ಪೌರತ್ವದ ಕಾರ್ಡು ತೆಗೆದು ಕೊಟ್ಟ.

ಹೊಸಾನ್ ನೋಡಿದ. “ಇದೂ ನಿಮ್ಮದೇನಾ?” ಎಂದ.

“ಹೌದು.”

“ಯಾವಾಗ್ಲೂ ಇತ್ತಾ?”

“ಇತ್ತು.”

ಅವನು ಬೈಯಲಿಲ್ಲ. ಬೈದಿದ್ದರೆ ನಮಗೆ ಸ್ವಲ್ಪ ಹಗುರಾಗುತ್ತಿತ್ತೇನೋ. ಗೋಡೆಯ ಕಡೆ ತಿರುಗಿ ಮಲಗಿದ. ನಾವು ಅಲ್ಲಿರುವಷ್ಟು ಹೊತ್ತೂ ಈ ಕಡೆ ತಿರುಗಲಿಲ್ಲ.

ಸುಳ್ಳು ಪಾಸ್‌ಪೋರ್ಟು ಇಟ್ಟುಕೊಂಡಿದ್ದ ಎಂಬ ಮಾತು ಅವನ ಆಶ್ರಯದ ಅರ್ಜಿಗೆ ಮುಳ್ಳಾಗುತ್ತದೆ ಎಂದು ಅವನ ಪರವಾಗಿ ನೇಮಿಸಿದ ವಕೀಲೆ ಹೇಳಿದಳು. ಅದಕ್ಕೇ ನಿನ್ನಪ್ಪ ವಲಸೆ ಕಚೇರಿಗೆ ಹೋಗಿ, ಅಂಥ ದೇಶವೇ ಇಲ್ಲ, ಇವನು ಮೋಸ ಮಾಡಿಲ್ಲ, ಮೋಸ ಹೋದವನು, ಮಾಡಿದವನು ನಾನು ಎಂದು ಬರೆದುಕೊಟ್ಟ. ಆ ಕಚೇರಿಯ ಬಾಗಿಲಲ್ಲಿ ತೆಗೆದ ಫೋಟೋನೇ ನೀನು ಪೇಪರಿನಲ್ಲಿ ನೋಡಿದ್ದು. ಬ್ರೆಮೆನ್ನಿನ ವಕೀಲ ಅದಾದಮೇಲೆ ಫೋನ್ ಎತ್ತುತ್ತಿಲ್ಲ.

ಹೊಸಾನ್ ಈಗ ಕೇಂದ್ರದಲ್ಲಿದ್ದಾನೆ. ಅರ್ಜಿ ಒಪ್ಪುತ್ತಾರೋ ಬಿಡುತ್ತಾರೋ, ತಿಂಗಳುಗಟ್ಟಲೆ ಹಿಡಿಯಬಹುದು. ಭಾನುವಾರಗಳಂದು ನಾನು ಸೂಪು ತೆಗೆದುಕೊಂಡು ಹೋಗುತ್ತೇನೆ. ನನ್ನ ಜೊತೆ ಮಾತಾಡುತ್ತಾನೆ. ಬೆರಳುಗಳಿಗೆ ಇನ್ನೂ ಸ್ಪರ್ಶ ಬಂದಿಲ್ಲ ಎನ್ನುತ್ತಾನೆ. ನಿನ್ನಪ್ಪ ಹೊರಗೆ ಕಾರಿನಲ್ಲಿ ಕಾಯುತ್ತಾನೆ. ಒಳಗೆ ಬರಲಾ ಎಂದು ಪ್ರತಿ ಸಲ ಕೇಳಿಸುತ್ತಾನೆ, ಪ್ರತಿ ಸಲ ಬೇಡ ಎಂಬ ಉತ್ತರ ತರುವವಳು ನಾನು. ನನ್ನ ಮಂತ್ರಿಗಿರಿಯಲ್ಲಿ ಉಳಿದದ್ದು ಇಷ್ಟೇ.

ನೀನು ಅವನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಆದರೆ ಫೋನಿನಲ್ಲಿ ‘ನನ್ನದಂತೂ ಅಲ್ಲ’ ಎಂಬ ಆ ಒಂದು ಮಾತು ಹೇಳಲು ಅವನಿಗೆ ಎಷ್ಟು ಕಷ್ಟವಾಯಿತೆಂದು ಪಕ್ಕದಲ್ಲಿ ನಿಂತು ನೋಡಿದವಳು ನಾನು. ಅದು ನಿನಗೆ ಗೊತ್ತಿರಲಿ ಅನ್ನಿಸಿತು. ಪೇಪರಿನವರು ಅದನ್ನು ಬರೆದಿಲ್ಲ.

ಆರೋಗ್ಯ ಚೆನ್ನಾಗಿ ನೋಡಿಕೋ. ಚಳಿಗೆ ಕಿವಿ ಮುಚ್ಚಿಕೊಂಡು ಓಡಾಡು.

ನಿನ್ನ ದಣಿದ
ಅಮ್ಮ

ಮರೆತ ಮಾತು: ಗುಡಿಸಲು ಪೂರ್ತಿ ಹೋಗಿಲ್ಲ. ಅದನ್ನು ಕಿತ್ತುಹಾಕಲು ನಿನ್ನಪ್ಪ ಎಲ್ಟಿಯೊಗೆ ಹೇಳಿದ. ಬೇಡವೆಂದು ನಾನು ಹಿಂದಿನಿಂದ ಹೋಗಿ ತಡೆದಿದ್ದೇನೆ. ಚಳಿ ಕಳೆದಮೇಲೆ ನಾನೊಬ್ಬಳೇ ಅಲ್ಲಿಗೆ ಹೋಗಿ ಕೆಲವು ದಿನ ಇರುತ್ತೇನೆ. ಅದು ಯಾವ ದೇಶವೂ ಆಗಬೇಕಾಗಿಲ್ಲ. ಇಷ್ಟು ವರ್ಷ ಅವನು ಅಲ್ಲಿಗೆ ಹೊರಟಾಗಲೆಲ್ಲ ದಡದಲ್ಲಿ ನಿಂತ ನನಗೆ ಸಿಟ್ಟು ಬರುತ್ತಿತ್ತೆಂದು ನೀನು ತಿಳಿದಿದ್ದೆ. ಸಿಟ್ಟಲ್ಲ ಮಗಳೇ, ಹೊಟ್ಟೆಕಿಚ್ಚು. ಅವನಿಗೆ ಹೇಳಬೇಡ.