ಮಡಿಗೆ ಹೆಣೆದ ಕೈಗವಸು

ಪದ್ಮನಾಭನಗರ
ಫೆಬ್ರವರಿ 2, 2025

ಪ್ರೀತಿಯ ಸರಸಕ್ಕಾ,

ನಿನ್ನ ಕೆಮ್ಮು ಹೇಗಿದೆ? ಕುಲುವಿನಲ್ಲಿ ಇನ್ನೂ ಹಿಮ ಬೀಳುತ್ತಿದೆಯಂತೆ, ಟಿವಿಯಲ್ಲಿ ತೋರಿಸಿದರು. ಪಾಠ ಮಾಡಲು ಶಾಲೆಗೆ ಈಗಲೂ ನಡೆದೇ ಹೋಗುವುದಾದರೆ ಕಿವಿ ಮುಚ್ಚಿಕೊಂಡು ಹೋಗು. ನಾನು ಚೆನ್ನಾಗಿದ್ದೇನೆ, ಅಂದರೆ ಕಾಯಿಲೆಯಿಲ್ಲ. ಎದುರು ಮನೆಯವರು ನಿನ್ನನ್ನು ಕೇಳುತ್ತಿರುತ್ತಾರೆ. ನೀನು ಭಾವನ ಮನೆ ಬಿಟ್ಟದ್ದನ್ನು ಅಮ್ಮ ಹೇಳುವುದಿಲ್ಲ, ಟ್ರಾನ್ಸ್‌ಫರ್ ಆಗಿದೆ ಅನ್ನುತ್ತಾಳೆ. ಅಮ್ಮನ ಬಲಗೈ ಸುಟ್ಟಿದೆ. ಫೋನಿನಲ್ಲಿ ಹೇಳಬಹುದಿತ್ತು, ನಾನು ಫೋನು ಹಿಡಿದರೆ ಅವಳು ಪಕ್ಕದಲ್ಲೇ ಬಂದು ಕೂರುತ್ತಾಳೆ.

ಚಳಿಯ ಬೆಳಗುಗಳಲ್ಲಿ ಅವಳ ಕೈ ಸೆಟೆದುಕೊಳ್ಳುವುದು ನಿನಗೆ ಗೊತ್ತು. ಜಪ ಎಣಿಸುವುದು ಗೆಣ್ಣುಗಳ ಮೇಲೆ, ಹಾಗಾಗಿ ಬೆರಳು ತೆರೆದಿರಬೇಕು. ಉಣ್ಣೆಯದಾದರೆ ಮಡಿಗೂ ತೊಂದರೆಯಿಲ್ಲ. ಜಯನಗರದ ಅಂಗಡಿಯಿಂದ ಉಲ್ಲನ್ ತಂದು, ವಿಡಿಯೊ ನೋಡಿಕೊಂಡು, ಬೆರಳಿಲ್ಲದ ಕೈಗವಸು ಹೆಣೆಯಲು ಕೂತೆ. ಮೊದಲು ಆರಿಸಿದ್ದು ಮರೂನು ಮತ್ತು ಬಾಟಲ್ ಹಸಿರು. ಸೀರೆಯ ಮೈ, ಅಂಚು ನೋಡಿ ಬೆಳೆದ ಕಣ್ಣು ನಮ್ಮದು. ಹೆಣೆದಾಗ ಎರಡೂ ಬೆರೆತು ಕೆಸರಾದವು, ನಾನು ಮೂಡಿಸಹೊರಟ ಚುಕ್ಕಿ ರಂಗೋಲಿಯ ವಿನ್ಯಾಸ ಎಲ್ಲೂ ಕಾಣಲಿಲ್ಲ. ಎಲ್ಲ ಬಿಚ್ಚಿ, ಹಸಿರಿನ ಬದಲು ಬಿಳಿ ಹಿಡಿದೆ. ಎರಡು ಬಣ್ಣದ ಹೆಣಿಗೆಯಲ್ಲಿ, ಕೆಲಸವಿಲ್ಲದ ದಾರ ಒಳಗಡೆ ಸುಮ್ಮನೆ ಓಡುತ್ತಿರುತ್ತದೆ. ಅದರಿಂದಲೇ ಬಟ್ಟೆ ದಪ್ಪವಾಗಿ ಬೆಚ್ಚಗಾಗುವುದು. ಅಮ್ಮ ಮೊದಲು ತಿರುವಿಹಾಕಿ ಒಳಮೈ ನೋಡಿದಳು. ‘ಇದೇನೇ, ಗೊತ್ತುಗುರಿ ಇಲ್ದೆ ಓಡಾಡಿದೆ ದಾರ, ನಿನ್ನ ಹಾಗೇ’ ಅಂದಳು. ಆದರೂ ಧನುರ್ಮಾಸ ಪೂರ್ತಿ ಹಾಕಿಕೊಂಡಳು.

ಸಂಕ್ರಾಂತಿಯ ಬೆಳಗ್ಗೆ ಮಂಗಳಾರತಿ ಎತ್ತುವಾಗ ಕರ್ಪೂರದ ಉರಿ ಬಲಗೈ ಅಂಚಿಗೆ ತಗುಲಿತು. ನಿಜವಾದ ಉಣ್ಣೆ ಕರಿಕಾಗಿ ನಂದಿಹೋಗುತ್ತಿತ್ತು. ಇದು ಕರಗಿತು. ಒಳಗೆ ಓಡಿದ ದಾರಗಳೆಲ್ಲ ಮಣಿಕಟ್ಟಿಗೆ, ಅಂಗೈಗೆ ಅಂಟಿಕೊಂಡವು. ಎಳೆದಾಗ ಜೊತೆಗೆ ಚರ್ಮವೂ ಬಂತು. ದೇವರ ಮುಂದೆ ಬಕೆಟ್ಟು ಸುಟ್ಟಂಥ ನಾತ. ಅಮ್ಮ ಅಳಲಿಲ್ಲ. ‘ಕೂದಲು ಸುಟ್ಟ ವಾಸನೆ ಯಾಕೆ ಬರ್ಲಿಲ್ಲ?’ ಎಂದಷ್ಟೇ ಕೇಳಿದಳು. ಉಣ್ಣೆ ಸುಟ್ಟರೆ ಕೂದಲಿನ ನಾತವೇ ಬರಬೇಕು; ಇದು ಪ್ಲಾಸ್ಟಿಕ್ ದಾರವೆಂದು ನನಗಿಂತ ಮೊದಲೇ ಅವಳಿಗೆ ತಿಳಿದಿತ್ತು. ಅಂಗಡಿಯವನನ್ನು ಹೋಗಿ ಕೇಳಿದೆ. ‘ಬೆಂಗ್ಳೂರಲ್ಲಿ ಉಲ್ಲನ್ ಅಂದ್ರೆ ಇದೇ ಮೇಡಂ. ಕುರಿ ಬೇಕಂದ್ರೆ ಮೊದ್ಲೇ ಹೇಳ್ಬೇಕು’ ಅಂದ.

ಮರುದಿನ ಚಿದಾನಂದ ಮಾವ ಬಂದರು. ಕೈ ನೋಡಲಿಲ್ಲ. ‘ಅಕ್ಕಾ, ಧನುರ್ಮಾಸವೆಲ್ಲ ಪ್ಲಾಸ್ಟಿಕ್ ಹಾಕ್ಕೊಂಡು ಪೂಜೆ ಮಾಡಿದೀಯಲ್ಲೇ! ಪಂಚಗವ್ಯ ತಗೋಬೇಕು’ ಅಂದರು. ತಂದೂ ಇದ್ದರು, ಕೋಲಾ ಕುಡಿದಿಟ್ಟ ಪ್ಲಾಸ್ಟಿಕ್ ಬಾಟಲಿಯಲ್ಲೇ. ಅಮ್ಮ ಕಣ್ಣು ಮುಚ್ಚಿ ಕುಡಿದಳು. ಬಾಟಲಿಯನ್ನು ತೊಳೆದದ್ದು ನಾನು.

ಆಮೇಲೆ ಶುರುವಾಯಿತು ನೋಡು. ಕ್ಲಿನಿಕ್ಕಿನ ಬ್ಯಾಂಡೇಜು ಯಾರ್‍ಯಾರೋ ಮುಟ್ಟಿದ ಹತ್ತಿ, ಮೈಲಿಗೆ. ಸ್ನಾನಕ್ಕೆ ಹೋಗುವಾಗ ಬಿಚ್ಚಿ ಎಸೆಯುತ್ತಾಳೆ, ಕೀವಿನ ಮೇಲೆ ವಿಭೂತಿ ಮೆತ್ತಿಕೊಳ್ಳುತ್ತಾಳೆ. ‘ಅಜ್ಜಿ, ಹಿಂಗೇ ಬಿಚ್ತಾ ಇದ್ರೆ ಬೆರಳು ಮಡಚೋಕೇ ಬರಲ್ಲ ಆಮೇಲೆ’ ಎಂದು ಡಾಕ್ಟರ್ ಗದರಿದರು. ಅಮ್ಮ ಅವರಿಗೆ ಕೋಡುಬಳೆ ಕಟ್ಟಿ ಕಳಿಸಿದಳು. ಕೀವಿಗಿಂತ ಹತ್ತಿ ಕೊಳಕು ಎಂದು ನಂಬಿ ನೆಮ್ಮದಿಯಾಗಿ ಕೂತ ಆ ಮುಖ ನೋಡಿದರೆ ನನಗೆ ಹೇಸಿಗೆಯಾಗುತ್ತದೆ. ಗಾಯವನ್ನು ಹೇಗೋ ಸಹಿಸಬಹುದು. ನಾನೇನು ಹೆಚ್ಚಿನವಳಲ್ಲ. ಸುಡದೆ ಉಳಿದ ಎಡಗೈ ಗವಸನ್ನು ನಿನ್ನೆ ಕೈಯಲ್ಲಿ ಹಿಡಿದು, ಎಷ್ಟು ಚೆನ್ನಾಗಿ ಬಂದಿದೆ ಎಂದು ನೋಡುತ್ತ ನಿಂತಿದ್ದೆ. ಆಚೆಯ ಕೋಣೆಯಲ್ಲಿ ಅವಳು ನರಳುತ್ತಿದ್ದಳು. ಅದೂ ಅದೇ ಜಾತಿಯ ಹೇಸಿಗೆ.

ನಿನ್ನ ಮನೆಯೊಡತಿಗೆ ನನ್ನ ನಮಸ್ಕಾರ ಹೇಳು. ಅವರು ಕಳಿಸಿದ ಅಕ್ರೋಟು ಮುಗಿಯಿತು, ಅಮ್ಮ ಒಬ್ಬಳೇ ತಿಂದಳು. ನಿನಗೆ ಅವಳ ಆಶೀರ್ವಾದ. ಅವಳು ಹೇಳಿ ಬರೆಸಿದ್ದಲ್ಲ, ಆದರೂ ಇರುತ್ತದೆ.

ನಿನ್ನ ತಂಗಿ,
ಜಯಾ

ತಾ.ಕ.: ಬರೆದಿಟ್ಟ ಈ ಕಾಗದ ಎರಡು ವಾರ ಮನೆಯಲ್ಲೇ ಉಳಿಯಿತು. ಈಗ ಅಂಚೆಗೆ ಹೊರಟೆ, ಅವಸರದಲ್ಲಿದ್ದೇನೆ. ಈ ವಾರದಿಂದ ಗಾಯ ಒಣಗುತ್ತಿದೆ, ಕಿರುಬೆರಳು ಮಡಚುತ್ತಿದ್ದಾಳೆ. ದಿನಕ್ಕೊಂದು ಹೊಸದರಂತೆ ಕುದಿಸಿದ ರೇಷ್ಮೆಯ ಪಟ್ಟಿ ಕಟ್ಟುತ್ತಿದ್ದೇನೆ. ರೇಷ್ಮೆಗೆ ಮೈಲಿಗೆಯಿಲ್ಲವಲ್ಲ, ಅವಳು ಬಿಚ್ಚಿ ಎಸೆಯುವುದಿಲ್ಲ. ಡಾಕ್ಟರ್ ನಕ್ಕರು, ಬೇಡ ಅನ್ನಲಿಲ್ಲ. ಅದು ನಿನ್ನ ಧಾರೆ ಸೀರೆ. ನನ್ನ ಹಳೆಯದೊಂದಕ್ಕೆ ಕತ್ತರಿ ಹಾಕಲು ಹೊರಟಿದ್ದೆ, ಅಮ್ಮನೇ ತಡೆದು ಬೀರುವಿನ ಕೀಲಿ ಕೊಟ್ಟಳು. ನೀನು ಭಾವನ ಮನೆಗೆ ವಾಪಸು ಹೋಗುವ ದಿನ ಉಡಿಸಬೇಕೆಂದು ಇಷ್ಟು ವರ್ಷ ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ‘ಅದನ್ನೇ ಹರಿಯೇ. ಅವಳಿನ್ನು ಉಡಲ್ಲ’ ಅಂದಳು. ಹರಿದೆ. ಸೆರಗು ಮಾತ್ರ ಉಳಿದಿದೆ. ಬೇಕಿದ್ದರೆ ತಕ್ಷಣ ತಿಳಿಸು. ಮುಂದಿನ ವಾರಕ್ಕೆ ಅದೂ ಬೇಕಾಗುತ್ತದೆ.