ಅನುವಂಶೀಯತೆಯ ಪಾಠ

ದೋರನಹಳ್ಳಿ, ತಾ. ಶಹಾಪುರ
೮-೧೨-೨೦೨೪

ಪ್ರೀತಿಯ ಅಂಬರೀಶ ಮಾಮಾ,

ಕೆಮ್ಮು ಕಡಿಮೆಯಾಯಿತೇ? ಸುರಪುರದ ಕಡೆಯ ಹೊಲಗಳಲ್ಲಿ ಕುರಿ ತರುಬಿ ಬೀಡುಬಿಟ್ಟಿದ್ದೀರೆಂದು ಅಪ್ಪ ಹೇಳಿದ. ಚಳಿ ಜೋರಾಗಿದೆ. ಕಂಬಳಿಯನ್ನು ಮರಿಗಳಿಗೆ ಹೊದಿಸಿ ನೀನು ಬರಿಮೈಯಲ್ಲಿ ಮಲಗಬೇಡ. ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ. ಫೋನ್ ಮಾಡಿದರೆ ಅವ್ವ ಸ್ಪೀಕರ್ ಹಾಕಿ ಮನೆಮಂದಿಗೆಲ್ಲ ಕೇಳಿಸುತ್ತಾಳೆ. ಅದಕ್ಕೇ ಜೋಳದ ಹಿಟ್ಟಿನ ಜೊತೆ ಈ ಪತ್ರ ಕಳಿಸುತ್ತಿದ್ದೇನೆ.

ಯಾದಗಿರಿಯಲ್ಲಿ ಬಿ.ಎಡ್. ಸೀಟು ಸಿಕ್ಕಿದೆ. ಈಗ ಊರಿನ ಖಾಸಗಿ ಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದೇನಲ್ಲ, ಬಿ.ಎಡ್. ಆದರೆ ಸರ್ಕಾರಿ ಹೈಸ್ಕೂಲಿಗೆ ಅರ್ಜಿ ಹಾಕಬಹುದು. ಅವ್ವ ಮಾತ್ರ, "ತಮ್ಮಗ ಕೊಟ್ಟ ಮಾತದ. ಮೊದಲ ಮದಿವಿ ಆಗ್ಲಿ, ಓದು ಎಲ್ಲಿಗಿ ಓಡಿ ಹೋಗ್ತದ" ಎನ್ನುತ್ತಾಳೆ. ನಾನು ತೊಟ್ಟಿಲಲ್ಲಿದ್ದಾಗಲೇ ನಿನಗೆಂದು ಮಾತಾಗಿತ್ತು. ಈಗ ಮಾರ್ಚಿನಲ್ಲಿ ಮುಹೂರ್ತ ನೋಡಿದ್ದಾರೆ. ಸೀಟು ಸಿಕ್ಕಾಗ ಖುಷಿಯಾಗಲಿಲ್ಲ, ಮುಹೂರ್ತ ಕೇಳಿ ಅಳುವೂ ಬರಲಿಲ್ಲ. ಮನಸ್ಸಿಗೆ ಜೋಮು ಹಿಡಿದಂತಾಗಿದೆ. ರೊಟ್ಟಿ ಬಡಿಯುತ್ತೇನೆ, ಶಾಲೆಗೆ ಹೋಗುತ್ತೇನೆ, ಬರುತ್ತೇನೆ.

ಕಳೆದ ವಾರ ಹತ್ತನೆಯ ತರಗತಿಗೆ ಅನುವಂಶೀಯತೆಯ ಪಾಠ ಮಾಡಿದೆ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದರೆ ಕೆಲವು ಕಾಯಿಲೆಗಳು ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದೆ. ಕುರಿಗಾರರ ಮನೆಯ ಗುರುದೇವಿ ಎದ್ದು ನಿಂತು, "ಹೌದ್ರಿ ಟೀಚರ್, ಅದಕ್ಕ ನಮ್ಮಪ್ಪ ಹಿಂಡಿನ ಟಗರು ಬದಲಿ ಮಾಡ್ತಾನ. ಮತ್ತ ನೀವು ನಿಮ್ಮ ಸ್ವಾದರಮಾಮಾನ್ನೇ ಮಾಡ್ಕೋತೀರಂತಲ್ರಿ?" ಎಂದಳು. ಕುಚೋದ್ಯವಲ್ಲ, ನಿಜವಾಗಿಯೇ ಕೇಳಿದಳು. ಯಾರೂ ನಗಲಿಲ್ಲ. "ನಾಳಿ ಹೇಳ್ತೀನಿ, ಕೂಡು" ಎಂದೆ. ಇನ್ನೂ ಹೇಳಿಲ್ಲ.

ನೀನು ಕೆಟ್ಟವನಲ್ಲ ಮಾಮಾ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳುತ್ತೇನೆಂದಾಗ ಎಲ್ಲರೂ ಬೇಡವೆಂದರು. "ಓದ್ಲಿ ಬಿಡ್ರಿ, ನಮ್ಮೊಳಗ ಒಬ್ಬಾಕಿಯಾದ್ರೂ ಟೀಚರ್ ಆಗ್ಲಿ" ಎಂದವನು ನೀನೊಬ್ಬನೇ. ನಿನ್ನ ಮೇಲೆ ನನಗೆ ತುಂಬ ಪ್ರೀತಿಯಿದೆ. ಅದು ಮಾಮಾನ ಮೇಲಿನ ಪ್ರೀತಿ, ಅಷ್ಟೇ.

ಹೊತ್ತಿಗೆ ಸರಿಯಾಗಿ ಉಣ್ಣು. ಹಿಂಡು ಸುಖವಾಗಿರಲಿ.

ನಿನ್ನ ಅಕ್ಕನ ಮಗಳು,
ಕಲ್ಪನಾ

ತಾ.ಕ.: ಹಿಟ್ಟು ಒಯ್ಯುವವರು ಬಾಗಿಲಲ್ಲಿ ಅವಸರ ಮಾಡುತ್ತಿದ್ದಾರೆ. ಬರುವ ಸೋಮವಾರ ಕಾಲೇಜಿಗೆ ಸೇರುತ್ತೇನೆ, ಅದು ಗಟ್ಟಿ. ಮದುವೆ ಬೇಡವೆಂದು ನಾನು ಹೇಳಿದರೆ ಅವ್ವ ತವರಿಗೆ ಮುಖ ತೋರಿಸಲಾರಳು. ನೀನು ಹೇಳಿದರೆ ನಾಲ್ಕು ದಿನ ಬೈದು ಸುಮ್ಮನಾಗುತ್ತಾಳೆ. ಬೇಕಾದರೆ ನಿನ್ನ ಮನಸ್ಸಿನಲ್ಲಿ ಬೇರೆ ಯಾರೋ ಇದ್ದಾಳೆಂದು ಸುಳ್ಳು ಹೇಳು. ನೀನೇ ನನ್ನನ್ನು ಒಲ್ಲೆ ಅನ್ನು, ಮಾಮಾ.